ಸಂಧಿವಾತ, ಲೂಪಸ್, ಶೋಗ್ರೆನ್ ಇರುವ ಹೆಂಗಸರ ಲೈಂಗಿಕ ಆರೋಗ್ಯ: ನೋವು ಸಹಿಸದೆ ಮಾಡಬೇಕಾದ್ದೇನು

ಸಂಧಿವಾತಕ್ಕೆ (ರುಮಟಾಯ್ಡ್ ಆರ್ಥ್ರೈಟಿಸ್) ಔಷಧಿ ತೆಗೆದುಕೊಳ್ಳುತ್ತಿರುವ ಹೆಂಗಸರು ಡಾಕ್ಟರ ಮುಂದೆ ಬೆರಳಿನ ಬಾವು ಹೇಳುತ್ತಾರೆ, ಬೆಳಗಿನ ಬಿಗಿತ ಹೇಳುತ್ತಾರೆ, ಮಾತ್ರೆಯಿಂದ ಬರುವ ವಾಕರಿಕೆಯನ್ನೂ ಹೇಳುತ್ತಾರೆ. ಗಂಡನ ಜೊತೆ ಸೇರುವಾಗ ಆಗುವ ಉರಿಯನ್ನು ಮಾತ್ರ ಹೇಳುವುದಿಲ್ಲ. ಡಾಕ್ಟರೂ ಬಹುಪಾಲು ಕೇಳುವುದಿಲ್ಲ. ಹೀಗಾಗಿ ಸರಿಹೋಗಬಹುದಾದ ತೊಂದರೆಯನ್ನು ಎಷ್ಟೋ ಜನ ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸುತ್ತಾರೆ, ಇಲ್ಲವೇ ಏನಾದರೊಂದು ನೆವ ಹೇಳಿ ಮಗ್ಗುಲು ಬದಲಿಸುತ್ತಾರೆ.

ಸಹಿಸಿಕೊಳ್ಳುವುದೇ ಇಲ್ಲಿ ದೊಡ್ಡ ಕೆಡುಕು. ಒಮ್ಮೆ ನೋವಾದರೆ ಯೋನಿಯ ಸುತ್ತಲಿನ ಸ್ನಾಯು ಮುಂದಿನ ಸಲ ತಾನಾಗಿಯೇ ಬಿಗಿಯುತ್ತದೆ. ಬಿಗಿದ ಜಾಗಕ್ಕೆ ಒತ್ತಡ ಬಿದ್ದರೆ ಇನ್ನಷ್ಟು ನೋವು, ಒಣಗಿದ ಚರ್ಮ ಬೇರೆ ಬಿರಿಯುತ್ತದೆ. ಕೆಲವು ತಿಂಗಳಲ್ಲಿ ಗಂಡ ಹತ್ತಿರ ಬಂದರೆ ಸಾಕು, ಮೈ ಸೆಟೆಯುವ ಹಂತಕ್ಕೆ ಹೋಗುತ್ತದೆ. ಆದ್ದರಿಂದ ಮೊದಲ ನಿಯಮ ಇದು: ನೋವಾದ ಕೂಡಲೇ ನಿಲ್ಲಿಸಿ, ಕಾರಣ ಹುಡುಕಿ, ಆಮೇಲೆ ಮುಂದುವರಿಯಿರಿ.

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿ ಬೀಳುವ ಇಂಥ ಕಾಯಿಲೆಗಳು ಹೆಣ್ಣುಮಕ್ಕಳಿಗೇ ಹೆಚ್ಚು. ಚರ್ಮ, ಕೀಲು, ಕಿಡ್ನಿಗೆಲ್ಲ ತಾಗಬಹುದಾದ ಲೂಪಸ್ ಇರುವ 10 ಜನರಲ್ಲಿ ಸುಮಾರು 9 ಜನ ಹೆಂಗಸರು. ಬಾಯಿ, ಕಣ್ಣು ಒಣಗಿಸುವ ಶೋಗ್ರೆನ್ ಕಾಯಿಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಮದುವೆ, ಬಸಿರು, ಬಾಣಂತನದ ವಯಸ್ಸಿನಲ್ಲೇ ಲೂಪಸ್ ಕಾಣಿಸಿಕೊಳ್ಳುವುದು ಹೆಚ್ಚು. ಹಾಗಾಗಿ ಈ ವಿಷಯವನ್ನು ಆಮೇಲೆ ನೋಡೋಣ ಎಂದು ಬಿಡುವಂತಿಲ್ಲ.

ತಡೆ ಎಲ್ಲಿದೆ ಎಂದು ಮೊದಲು ನೋಡಿ

ಶುರುವಿನಲ್ಲೇ, ಯೋನಿಯ ಬಾಯಿಯ ಹತ್ತಿರವೇ ಉರಿ, ಆಮೇಲೆ ಮೂತ್ರ ತಾಗಿದರೆ ಚುರುಚುರು ಎನ್ನುತ್ತದೆ ಎಂದಾದರೆ ಅದು ಒಣಗುವಿಕೆ, ಇಲ್ಲವೇ ಬೂಸ್ಟಿನ (ಫಂಗಸ್) ಸೋಂಕು, ಇಲ್ಲವೇ ಚರ್ಮದ ತೊಂದರೆ. ಆಳದಲ್ಲಿ, ಕಿಬ್ಬೊಟ್ಟೆಯಲ್ಲಿ ಕುಟ್ಟಿದಂತೆ ನೋವಾದರೆ ಅದು ಗರ್ಭಕೋಶ, ಅಂಡಾಶಯದ ಕಡೆಯದು. ಸ್ತ್ರೀರೋಗ ತಜ್ಞರ ಪರೀಕ್ಷೆ, ಸ್ಕ್ಯಾನಿಂಗ್ ಬೇಕು. ಕಾಲು ಅಗಲಿಸುವಾಗ ಸೊಂಟ, ತೊಡೆಸಂದು ಹಿಡಿದುಕೊಂಡರೆ ಕೀಲಿನದು. ನೋವೇನೂ ಇಲ್ಲ, ಮನಸ್ಸೇ ಬರುವುದಿಲ್ಲ ಎಂದಾದರೆ ಸುಸ್ತು, ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಮಾತ್ರೆಗಳು ಇವುಗಳಲ್ಲಿ ಒಂದೋ ಎರಡೋ ಸೇರಿಕೊಂಡಿರುತ್ತವೆ.

ಹಗಲು ಬೆಳಕಿನಲ್ಲಿ ಒಂದು ಕೈಗನ್ನಡಿ ಹಿಡಿದು ನೋಡಿಕೊಳ್ಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಮೊಸರಿನ ಗರಣೆಯಂಥ ಬಿಳಿಸೆರಗು ಮತ್ತು ತುರಿಕೆ ಇದ್ದರೆ ಬೂಸ್ಟು. ಚರ್ಮ ತೆಳ್ಳಗೆ, ಕಾಗದದ ಹಾಗೆ ಬೆಳ್ಳಗಾಗಿ ರಾತ್ರಿ ಹೊತ್ತು ವಿಪರೀತ ತುರಿಸಿದರೆ ಅದು ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಇದೂ ರಕ್ಷಣಾ ವ್ಯವಸ್ಥೆಯ ಏರುಪೇರಿನಿಂದ ಬರುವ ಕಾಯಿಲೆಯೆಂದೇ ಎಣಿಕೆ. ಕ್ಲೋಬೆಟಸಾಲ್ 0.05% ಮುಲಾಮನ್ನು ಡಾಕ್ಟರ ಮಾತಿನಂತೆ ಸುಮಾರು 3 ತಿಂಗಳು ಹಚ್ಚಿದರೆ ಹತೋಟಿಗೆ ಬರುತ್ತದೆ. ಹಚ್ಚದೆ ಬಿಟ್ಟರೆ ಯೋನಿಯ ಬಾಯಿ ಕಿರಿದಾಗುತ್ತದೆ, ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗುತ್ತದೆ. ಹುಣ್ಣು ಕಂಡರೆ, ಅದರಲ್ಲೂ ಬಾಯಲ್ಲೂ ಹುಣ್ಣಿದ್ದರೆ, ಲೂಪಸ್ ಅಥವಾ ಬೆಹ್ಸೆಟ್ (ರಕ್ತನಾಳಗಳ ಉರಿಯೂತ) ಕಾಯಿಲೆಯದ್ದೂ ಆಗಿರಬಹುದು. ಕಾಯಿಲೆಯ ಹುಣ್ಣು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಆದರೂ ಪರೀಕ್ಷೆ ಆಗುವವರೆಗೆ, ಹುಣ್ಣು ಮಾಯುವವರೆಗೆ ಸೇರುವುದು ಬೇಡ.

ಒಣಗುವಿಕೆ

ಶೋಗ್ರೆನ್ ಇದ್ದವರಿಗೆ ಇದೇ ಮುಖ್ಯ ತೊಂದರೆ. ಲೂಪಸ್ ಜೋರಾದಾಗ ಕೊಡುವ ಸೈಕ್ಲೋಫಾಸ್ಫಮೈಡ್ ಡ್ರಿಪ್ ಹಾಕಿಸಿಕೊಂಡು ಮುಟ್ಟು ಬೇಗ ನಿಂತವರಿಗೆ, ಎದೆಹಾಲು ಕುಡಿಸುತ್ತಿರುವವರಿಗೆ, ಮೈಕೈ ನೋವಿಗೆ ಅಮಿಟ್ರಿಪ್ಟಿಲಿನ್ ನುಂಗುವವರಿಗೆ, ನೆಗಡಿ ಅಲರ್ಜಿಗೆಂದು ದಿನವೂ ಮಾತ್ರೆ ತೆಗೆದುಕೊಳ್ಳುವವರಿಗೆ ಕೂಡ ಒಣಗುತ್ತದೆ. ಪರಿಹಾರ ಮೂರು ಹಂತದ್ದು. ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ, ಒಂದು ಇನ್ನೊಂದರ ಬದಲಿಗೆ ಆಗುವುದಿಲ್ಲ.

ಮೊದಲನೆಯದು ಮಾಯಿಶ್ಚರೈಸರ್. ಇದು ಸಂಭೋಗಕ್ಕೆ ಸಂಬಂಧವಿಲ್ಲದೆ, ಚರ್ಮ ಒದ್ದೆಯಾಗಿರಲೆಂದು ಹಾಕುವ ಜೆಲ್. ಹೈಯಲುರಾನಿಕ್ ಆಸಿಡ್ ಇರುವ ಯೋನಿಯ ಜೆಲ್ ಕೇಳಿ ತರಿಸಿಕೊಳ್ಳಿ. ಎಲ್ಲ ಮೆಡಿಕಲ್ ಶಾಪಿನಲ್ಲೂ ಇರುವುದಿಲ್ಲ. ಮಲಗುವ ಹೊತ್ತಿಗೆ, ವಾರಕ್ಕೆ 2-3 ಸಲ ಒಳಗೆ ಹಾಕಿಕೊಳ್ಳಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಎಂದು ಬಿಡಬೇಡಿ, ಒಂದೆರಡು ತಿಂಗಳು ಹಿಡಿಯುತ್ತದೆ. ಬೆರಳು ಸೊಟ್ಟಗಾಗಿ ಒತ್ತಲು ಕಷ್ಟವಾದರೆ ಟ್ಯೂಬಿನ ಜೆಲ್‌ಗಿಂತ ಒಂದೊಂದೇ ಸಲಕ್ಕೆ ತುಂಬಿಟ್ಟ ಅಪ್ಲಿಕೇಟರ್ ಸಲೀಸು.

ಎರಡನೆಯದು ಸೇರುವ ಹೊತ್ತಿಗೆ ಹಚ್ಚುವ ಲೂಬ್ರಿಕೆಂಟ್. ನೀರಿನದು, ಸಿಲಿಕೋನಿನದು ಎಂದು ಎರಡು ಬಗೆ. ನೀರಿನದು ಸುಲಭವಾಗಿ ತೊಳೆದುಹೋಗುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಅಂಟಂಟಾಗುತ್ತದೆ. ಆಗ ಇನ್ನಷ್ಟು ಜೆಲ್ ಹಾಕುವ ಬದಲು ಬೆರಳಿಗೆ ನಾಲ್ಕು ಹನಿ ನೀರು ಹಚ್ಚಿ ಸವರಿದರೆ ಮತ್ತೆ ಜಾರುತ್ತದೆ; ಹಾಸಿಗೆ ಪಕ್ಕ ಒಂದು ಲೋಟ ನೀರಿಟ್ಟುಕೊಳ್ಳಿ. ಸಿಲಿಕೋನಿನದು ಬಹಳ ಹೊತ್ತು ನಿಲ್ಲುತ್ತದೆ, ತುಂಬಾ ಒಣಗಿದವರಿಗೆ ಇದೇ ಮೇಲು. ಸುಮಾರು ಅರ್ಧ ಚಮಚದಿಂದ ಒಂದು ಚಮಚ ತೆಗೆದುಕೊಂಡು ಇಬ್ಬರೂ ಹಚ್ಚಿಕೊಳ್ಳಬೇಕು. ಒಬ್ಬರಿಗೆ ಮಾತ್ರ, ಅದೂ ಚೂರೇ ಚೂರು ಹಚ್ಚಿ, ಇದರಿಂದ ಪ್ರಯೋಜನವಿಲ್ಲ ಎಂದು ಕೈಬಿಡುವವರೇ ಹೆಚ್ಚು.

ಕೊಳ್ಳುವಾಗ ಬಾಟಲಿಯ ಹಿಂದೆ ಓದಿ. ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಜಾಸ್ತಿ ಇದ್ದರೆ ಅದು ಚರ್ಮದ ನೀರನ್ನೇ ಎಳೆದುಕೊಂಡು ಉರಿ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜೆಲ್‌ನ ಆಸ್ಮೊಲಾಲಿಟಿ (ಅದರಲ್ಲಿ ಕರಗಿರುವ ವಸ್ತುಗಳ ಸಾಂದ್ರತೆ) 1200 ಮೀರಬಾರದು, ಆಮ್ಲತೆ ಪಿಎಚ್ 4.5ರ ಆಸುಪಾಸಿನಲ್ಲಿರಬೇಕು. ಸುವಾಸನೆಯದು, ಬಿಸಿ ಅಥವಾ ತಂಪು ಮಾಡುವಂಥದ್ದು ಬೇಡವೇ ಬೇಡ. ಹೊಸದನ್ನು ಮೊದಲ ದಿನ ಮೊಳಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಇನ್ನೊಂದು ಎಚ್ಚರ: ಜೆಲ್ ಕೇಳಿದಾಗ ಅಂಗಡಿಯವರು ಲಿಗ್ನೊಕೇನ್ ಜೆಲ್ಲಿ ಕೊಟ್ಟರೆ ವಾಪಸ್ ಕೊಡಿ. ಅದು ಜಾಗ ಮರಗಟ್ಟಿಸುತ್ತದೆ. ಚರ್ಮ ಬಿರಿಯುತ್ತಿದ್ದರೂ ನಿಮಗೆ ತಿಳಿಯುವುದಿಲ್ಲ, ಗಂಡನಿಗೂ ಮರಗಟ್ಟುತ್ತದೆ.

ಕೊಬ್ಬರಿ ಎಣ್ಣೆ ಎಲ್ಲರ ಮನೆಯಲ್ಲೂ ಇದೆ. ಹೊರಗಿನ ಚರ್ಮಕ್ಕೆ ಸ್ನಾನದ ನಂತರ ತೆಳ್ಳಗೆ ಸವರಿದರೆ ಹಿತವಾಗಿರುತ್ತದೆ. ಆದರೆ ಎಣ್ಣೆ, ತುಪ್ಪ, ವ್ಯಾಸಲೀನ್ ಯಾವುದೇ ಆಗಲಿ, ಲೇಟೆಕ್ಸ್ ಕಾಂಡೋಮಿಗೆ ತಾಗಿದರೆ ನಿಮಿಷಗಳಲ್ಲೇ ಅದನ್ನು ದುರ್ಬಲ ಮಾಡುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ (ಬಸಿರಾದರೆ ಮಗುವಿಗೆ ಅಪಾಯ) ತೆಗೆದುಕೊಳ್ಳುತ್ತಾ ಕಾಂಡೋಮನ್ನೇ ನಂಬಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಸೋಪು, ಡೆಟಾಲ್, ಅಂಗಡಿಯ ವಾಶ್, ಅರಿಶಿನದ ನೀರು ಒಳಗೆ ಹಾಕಿ ತೊಳೆಯುವುದನ್ನು ಇವತ್ತೇ ಬಿಡಿ. ಹೊರಗೆ ಬರೀ ನೀರು ಸಾಕು.

ಮೂರನೆಯದು ಈಸ್ಟ್ರೊಜೆನ್ ಕ್ರೀಮ್. ಮುಟ್ಟು ನಿಂತವರಿಗೆ ಮಾಯಿಶ್ಚರೈಸರ್ ಒಂದೇ ಸಾಲದು, ಚರ್ಮವೇ ತೆಳ್ಳಗಾಗಿರುತ್ತದೆ. ಎಸ್ಟ್ರಿಯಾಲ್ ಕ್ರೀಮ್ ಆದರೆ ಸಾಮಾನ್ಯವಾಗಿ ಅರ್ಧ ಗ್ರಾಂ, ಅಂದರೆ 0.5 ಮಿಲಿಗ್ರಾಂ ಔಷಧಿ, 2 ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ 2 ಸಲ. ಇದನ್ನು ಸೇರುವ ಮುಂಚೆ ಲೂಬ್ರಿಕೆಂಟಿನ ಹಾಗೆ ಬಳಸಬಾರದು, ಗಂಡನ ಮೈಗೂ ಹೋಗುತ್ತದೆ. ರಕ್ತಕ್ಕೆ ಸೇರುವುದು ತೀರ ಕಡಿಮೆಯಾದರೂ ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದರೂ ಬಿಗಿತ ಬಿಡದಿದ್ದರೆ ಸ್ನಾಯುವನ್ನು ಪಳಗಿಸಬೇಕು. ಮಂಡಿ ಮಡಚಿ ಮಲಗಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದುಕೊಳ್ಳಿ. ಉಸಿರು ಬಿಡುವಾಗ ಮೂತ್ರ ಬಿಡುವಂತೆ ಕೆಳಭಾಗ ಸಡಿಲಿಸಿ. 5 ನಿಮಿಷ ಹೀಗೆ ಮಾಡಿ, ಜೆಲ್ ಹಚ್ಚಿದ ನಿಮ್ಮದೇ ಕಿರುಬೆರಳ ತುದಿ ಇಟ್ಟು ಸುಮ್ಮನಿರಿ. ನೋವಿಲ್ಲದೆ ಹೋದಷ್ಟು ಸಾಕು. ಅದು ಸಲೀಸಾದ ಮೇಲೆ ಅದಕ್ಕಿಂತ ದಪ್ಪ ಬೆರಳು, ಆಮೇಲೆ ಡೈಲೇಟರ್ (ಯೋನಿಯನ್ನು ಮೆಲ್ಲಗೆ ಹಿಗ್ಗಿಸಲು ಬಳಸುವ ನುಣುಪಾದ ಕಡ್ಡಿಯಂಥ ಸಾಧನ). ಅದು ಸಿಲಿಕೋನಿನದಾಗಿದ್ದರೆ ಸಿಲಿಕೋನ್ ಲೂಬ್ರಿಕೆಂಟ್ ಹಚ್ಚಬೇಡಿ, ಮೇಲ್ಮೈ ಹಾಳಾಗುತ್ತದೆ. ಈ ಅಭ್ಯಾಸ ಮುಗಿಯುವವರೆಗೆ ಒಳಪ್ರವೇಶದ ಸಂಭೋಗ ಬೇಡ, ಮುಟ್ಟುವುದು, ಅಪ್ಪಿಕೊಳ್ಳುವುದು ಇರಲಿ. ಈ ಒಪ್ಪಂದವನ್ನು ಗಂಡನಿಗೆ ಮೊದಲೇ ಹೇಳಿದರೆ ಹೆಣ್ಣಿನ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಕೀಲು ನೋವು: ಹೊತ್ತು, ದಿಂಬು, ಭಂಗಿ

ಸಂಧಿವಾತದಲ್ಲಿ ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ. ಮಧ್ಯಾಹ್ನ, ಸಂಜೆ ಮೈ ಹಗುರ. ಮನೆತುಂಬ ಜನರಿದ್ದು ರಾತ್ರಿ ಬಿಟ್ಟರೆ ಏಕಾಂತವೇ ಇಲ್ಲ ಎನ್ನುವವರು ಮಲಗುವ ಮುಂಚೆ 10-15 ನಿಮಿಷ ಬಿಸಿನೀರಿನ ಸ್ನಾನ ಮಾಡಲಿ. ನೋವಿನ ಮಾತ್ರೆ ಬೇಕಾದರೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮುಂಚೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಒಂದೋ ಎರಡೋ; ದಿನದ ಒಟ್ಟು 3 ಗ್ರಾಂ ದಾಟಬಾರದು, ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತೆಗೆದುಕೊಂಡ ಮಾರನೇ ದಿನ ಬಹಳ ಜನರಿಗೆ ವಾಕರಿಕೆ, ಸುಸ್ತು ಇರುತ್ತದೆ. ಆ ದಿನ ಬಿಟ್ಟುಬಿಡಿ, ಇಲ್ಲವೇ ಮಾತ್ರೆಯ ದಿನ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಸೊಂಟದ ಕೀಲು ಬಿಗಿದವರಿಗೆ ಅಂಗಾತ ಮಲಗಿ ಕಾಲು ಅಗಲಿಸುವುದೇ ಕಷ್ಟ. ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಮಗ್ಗುಲಾಗಿ, ಗಂಡ ಹಿಂದೆ ಮಲಗುವ ಭಂಗಿ ಅವರಿಗೆ ಹಿತ. ಎರಡು ಮಂಡಿಗಳ ನಡುವೆ ಒಂದು ಗಟ್ಟಿ ದಿಂಬು, ಹೊಟ್ಟೆಗೆ ಆನಿಸಿ ಇನ್ನೊಂದು. ಮಂಡಿಯ ದಿಂಬು ಪಾದದವರೆಗೂ ಬರಬೇಕು; ಮಂಡಿಯಷ್ಟಕ್ಕೇ ಇಟ್ಟರೆ ಕಾಲು ಒಳಕ್ಕೆ ತಿರುಚಿ ಸೊಂಟ ಎಳೆಯುತ್ತದೆ. ಕೈ, ಮಣಿಕಟ್ಟು, ಭುಜ ನೋಯುವವರು ಮಂಚದ ಅಂಚಿಗೆ ಸೊಂಟ ತಂದು ಅಂಗಾತ ಮಲಗಿ, ಎರಡು ಪಾದಗಳನ್ನು ಎರಡು ಸ್ಟೂಲಿನ ಮೇಲೆ ಇಡಬಹುದು. ಗಂಡ ನೆಲದ ಮೇಲೆ ದಿಂಬು ಹಾಕಿ ಮಂಡಿಯೂರಿದರೆ ಅವನ ಭಾರ ಇವಳ ಮೇಲೆ ಬೀಳುವುದಿಲ್ಲ. ಮಂಡಿ ಬಾತವರು ಮಂಡಿಯೂರುವ ಭಂಗಿ ಬಿಡಬೇಕು. ಮಾರನೇ ದಿನವೂ ಕೀಲು ನೋಯುತ್ತಿದ್ದರೆ ಭಂಗಿ ಹೊಂದಲಿಲ್ಲ ಎಂದರ್ಥ.

ಕತ್ತಿನ ವಿಷಯ ಬೇರೆ. ಬಹಳ ವರ್ಷದ ಸಂಧಿವಾತದಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಕಟ್ಟು ಸಡಿಲವಾಗಿರಬಹುದು. ಕತ್ತು ಬಗ್ಗಿಸಿದಾಗ ಕೈಗೋ ಬೆನ್ನಿಗೋ ಶಾಕ್ ಹೊಡೆದಂತೆ ಆದರೆ ಅಲ್ಲಿಗೇ ನಿಲ್ಲಿಸಿ, ಕತ್ತು ಬಗ್ಗಿಸಿ ಎತ್ತಿ ತೆಗೆಯುವ ಎಕ್ಸ್‌ರೇ ಆಗಲೇಬೇಕು. ಸೊಂಟದ ಕೀಲು ಬದಲಿಸಿಕೊಂಡವರು ಸರ್ಜನ್ ಒಪ್ಪಿದ ಮೇಲೆ, ಸಾಮಾನ್ಯವಾಗಿ 6 ವಾರದಿಂದ 3 ತಿಂಗಳ ನಂತರ, ಶುರುಮಾಡಬಹುದು. ಸೊಂಟ 90 ಡಿಗ್ರಿಗಿಂತ ಬಗ್ಗಬಾರದು, ಕಾಲ ಮೇಲೆ ಕಾಲು ಹೋಗಬಾರದು, ಪಾದ ಒಳಕ್ಕೆ ತಿರುಗಬಾರದು.

ಚಳಿಗೆ ಬೆರಳು ಬೆಳ್ಳಗಾಗಿ ನೀಲಿಯಾಗುವವರು ಕೋಣೆ ಬೆಚ್ಚಗಿಟ್ಟುಕೊಳ್ಳಿ, ಕಾಲುಚೀಲ ಹಾಕಿಕೊಂಡೇ ಇರಿ. ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾ ಇದ್ದು ಎದೆಯುರಿ ಬರುವವರು ಊಟವಾಗಿ 2-3 ಗಂಟೆ ಬಿಟ್ಟು, ತಲೆಯ ಕಡೆ ಎತ್ತರ ಮಾಡಿಕೊಳ್ಳಿ.

ಮನಸ್ಸೇ ಬಾರದಿದ್ದರೆ

ಇದಕ್ಕೆ ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಒಳಗಿನ ಉರಿಯೂತವೇ ಸುಸ್ತು ತರುತ್ತದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಲೂಪಸ್, ಸಂಧಿವಾತದ ಜೊತೆ ಥೈರಾಯ್ಡ್ ತೊಂದರೆ ಸೇರಿಕೊಳ್ಳುವುದು ಮಾಮೂಲು. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸಟೀನ್ ಥರದ ಖಿನ್ನತೆಯ ಮಾತ್ರೆಗಳು ಆಸೆಯನ್ನು ಕುಗ್ಗಿಸುತ್ತವೆ, ತೃಪ್ತಿ ತಡವಾಗಿಸುತ್ತವೆ. ಹಾಗೆಂದು ತಟ್ಟನೆ ನಿಲ್ಲಿಸಬಾರದು, ಬದಲಿ ಮಾತ್ರೆ ಕೇಳಬೇಕು. ಸ್ಟೀರಾಯ್ಡ್‌ನಿಂದ ಮುಖ ಊದಿ, ಕೂದಲು ಉದುರಿ, ಕನ್ನಡಿ ನೋಡಲೂ ಬೇಸರ ಬಂದಿರುವುದು ಎಷ್ಟೋ ಸಲ ಇದರ ಬೇರು. ಡೋಸ್ ಇಳಿದಂತೆ ಮುಖದ ಊತ ಇಳಿಯುತ್ತದೆ, ಕೂದಲೂ ಬಹುಮಟ್ಟಿಗೆ ವಾಪಸ್ ಬರುತ್ತದೆ. ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸುವುದು ಮಾತ್ರ ಪ್ರಾಣಕ್ಕೇ ಅಪಾಯ.

ಓಪಿಡಿಯಲ್ಲಿ ಅತ್ತೆಯೋ ಅಣ್ಣನೋ ಪಕ್ಕದಲ್ಲೇ ನಿಂತಿರುತ್ತಾರೆ, ಬಾಯಿ ಬರುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಹಳೆಯ ರಿಪೋರ್ಟುಗಳ ಮೇಲೆ ಇಟ್ಟು ಕೊಡಿ: "ಸೇರುವಾಗ ಉರಿ, 6 ತಿಂಗಳಿಂದ. ಒಣಗಿದೆ. ಪ್ರತ್ಯೇಕ ಮಾತಾಡಬೇಕು." ಇಷ್ಟು ಸಾಕು, ಡಾಕ್ಟರು ಉಳಿದವರನ್ನು ಹೊರಗೆ ಕಳಿಸುತ್ತಾರೆ. ಮದುವೆಯಾಗದವರಿಗೂ ಕೇಳುವ ಹಕ್ಕು ಅಷ್ಟೇ ಇದೆ.

ಬಸಿರು ತಡೆಯುವುದು, ಬಸಿರಿಗೆ ಸಿದ್ಧವಾಗುವುದು

ಮೆಥೋಟ್ರೆಕ್ಸೇಟ್, ಲೆಫ್ಲುನೊಮೈಡ್, ಮೈಕೊಫೆನೊಲೇಟ್, ಸೈಕ್ಲೋಫಾಸ್ಫಮೈಡ್ ತೆಗೆದುಕೊಳ್ಳುವಾಗ ಬಸಿರಾದರೆ ಮಗುವಿಗೆ ಅಪಾಯ. ಹಾಗಾಗಿ ಗಟ್ಟಿಯಾದ ತಡೆ ಬೇಕೇ ಬೇಕು. ಯಾವುದು ಎಂದು ಆರಿಸುವ ಮುಂಚೆ ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿಗಳ ಪರೀಕ್ಷೆ ಆಗಿರಬೇಕು: ಲೂಪಸ್ ಆಂಟಿಕೊಆಗ್ಯುಲಂಟ್, ಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೊಟೀನ್ ಮೂರೂ. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ.

ಈ ಆಂಟಿಬಾಡಿ ಇದ್ದವರು ಈಸ್ಟ್ರೊಜೆನ್ ಇರುವ ಗುಳಿಗೆ ನುಂಗಲೇಬಾರದು, ಕಾಲಿನಲ್ಲಿ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮಾಲಾ-ಎನ್, ಮಾಲಾ-ಡಿ ಎರಡರಲ್ಲೂ ಈಸ್ಟ್ರೊಜೆನ್ ಇದೆ. ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟರೂ ನಿಮ್ಮ ಕಾಯಿಲೆಯ ಹೆಸರು ಹೇಳಿ ಬೇಡ ಎನ್ನಿ. ಲೂಪಸ್ ಕೆರಳಿರುವಾಗ, ಕಿಡ್ನಿಗೆ ತಾಗಿರುವಾಗಲೂ ಇವು ಬೇಡ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಮೂಳೆ ಸವೆಸುತ್ತದೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಹಿಡಿಸದು. ಆಂಟಿಬಾಡಿ ಇದ್ದವರಿಗೂ ಬೇಡ. ಬಹುತೇಕ ಎಲ್ಲರಿಗೂ ಹೊಂದುವುದು ಗರ್ಭಕೋಶದೊಳಗೆ ಇಡುವ ವಂಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ 380ಎ ಪುಕ್ಕಟೆ ಹಾಕುತ್ತಾರೆ, 10 ವರ್ಷ ಬರುತ್ತದೆ. ಮುಟ್ಟಿನ ರಕ್ತಸ್ರಾವ ಜಾಸ್ತಿ ಇದ್ದವರಿಗೆ ಹಾರ್ಮೋನಿನ ವಂಕಿ ಒಳ್ಳೆಯದು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರೆಂಬ ಕಾರಣಕ್ಕೆ ವಂಕಿ ಬೇಡ ಎನ್ನಬೇಕಿಲ್ಲ. ಕಾಂಡೋಮ್ ಹರಿದರೆ 72 ಗಂಟೆಯೊಳಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆ ನುಂಗಬಹುದು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಂಟಿಬಾಡಿ ಇದ್ದವರಿಗೂ ಇದು ಆಗುತ್ತದೆ.

ಮಗು ಬೇಕೆಂದಾಗ ಕಾಯಿಲೆ ಕನಿಷ್ಠ 6 ತಿಂಗಳು ತಣ್ಣಗಿರಬೇಕು. ಮೆಥೋಟ್ರೆಕ್ಸೇಟನ್ನು 1ರಿಂದ 3 ತಿಂಗಳು, ಮೈಕೊಫೆನೊಲೇಟನ್ನು 6 ವಾರಕ್ಕೂ ಮುಂಚೆ ನಿಲ್ಲಿಸುತ್ತಾರೆ. ಲೆಫ್ಲುನೊಮೈಡ್ ಸುಮ್ಮನೆ ಬಿಟ್ಟರೆ ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ. ಕೊಲೆಸ್ಟೈರಮೀನ್ 8 ಗ್ರಾಂ ದಿನಕ್ಕೆ 3 ಸಲ 11 ದಿನ ಕೊಟ್ಟು ತೊಳೆಯುತ್ತಾರೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರ ಬಿಡಬಾರದು. ಬಸಿರಿನಲ್ಲೂ ಮುಂದುವರಿಸಬೇಕು, ಬಿಟ್ಟರೆ ಲೂಪಸ್ ಕೆರಳುತ್ತದೆ. ಮೆಥೋಟ್ರೆಕ್ಸೇಟ್ ಮೇಲಿರುವಾಗ ಮುಟ್ಟು ನಿಂತರೆ ಆ ವಾರದ ಮಾತ್ರೆ ನುಂಗದೆ ಮೊದಲು ಬಸಿರಿನ ಪರೀಕ್ಷೆ ಮಾಡಿ, ಕೂಡಲೇ ಡಾಕ್ಟರನ್ನು ಕಾಣಿ.

ಸೋಂಕು ಮತ್ತು ಗರ್ಭಕಂಠದ ಪರೀಕ್ಷೆ

ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಬೂಸ್ಟು ಪದೇಪದೇ ಬರುತ್ತದೆ. ಕ್ಲೋಟ್ರಿಮಜೋಲ್ 100 ಮಿಲಿಗ್ರಾಂ ಯೋನಿಯ ಮಾತ್ರೆ 6 ರಾತ್ರಿ, ಅಥವಾ 500 ಮಿಲಿಗ್ರಾಂ ಒಂದೇ ರಾತ್ರಿ. ಈ ಔಷಧಿಯಿಂದ ಕಾಂಡೋಮ್ ಹರಿಯಬಹುದು, ಆ ದಿನಗಳಲ್ಲಿ ಸೇರಬೇಡಿ. ಸೇರಿದ ಮೇಲೆ ಮೂತ್ರ ಮಾಡಿ ಬರುವ ರೂಢಿ ಇಟ್ಟುಕೊಳ್ಳಿ. ಉರಿಮೂತ್ರ ಬಂದರೆ ಅಂಗಡಿಯಲ್ಲಿ ಕೇಳಿ ಕೋ-ಟ್ರೈಮಾಕ್ಸಜೋಲ್ ನುಂಗಬೇಡಿ, ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂದು ಬರುವುದು ಅದೇ. ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು. ಲೂಪಸ್ ಇದ್ದವರಿಗೆ ಅದರಲ್ಲಿರುವ ಸಲ್ಫಾದಿಂದ ಕಾಯಿಲೆಯೂ ಕೆರಳಬಹುದು.

ರೋಗನಿರೋಧಕ ಶಕ್ತಿ ತಗ್ಗಿದಾಗ, ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ ಗರ್ಭಕಂಠದಲ್ಲಿ ಉಳಿದುಬಿಡುತ್ತದೆ. ಎಚ್‌ಪಿವಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಇಂಥ ಮಾತ್ರೆಗಳ ಮೇಲಿರುವವರೂ ಹಾಕಿಸಿಕೊಳ್ಳಬಹುದು. ಅವರಿಗೆ ವಯಸ್ಸು ಎಷ್ಟೇ ಇರಲಿ 3 ಡೋಸ್ ಬೇಕು, ಆರು ತಿಂಗಳಲ್ಲಿ ಮುಗಿಯುತ್ತದೆ. ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನು ಮೊದಮೊದಲು ವರ್ಷಕ್ಕೊಮ್ಮೆ ಮಾಡಿಸಿ, ಮೂರು ಸಲ ಸರಿಯಿದ್ದರೆ ಅಂತರ ಹೆಚ್ಚಿಸಬಹುದೇ ಎಂದು ಡಾಕ್ಟರು ಹೇಳುತ್ತಾರೆ. ಸೇರಿದ ಮೇಲೆ ರಕ್ತ ಕಂಡರೆ ಮುಂದಿನ ವರ್ಷದವರೆಗೆ ಕಾಯಬೇಡಿ, ಆ ವಾರವೇ ಹೋಗಿ.

ಪರೀಕ್ಷೆಗೆ ಮುಂಚೆ 2 ದಿನ ಸಂಭೋಗ, ಕ್ರೀಮ್, ಜೆಲ್ ಯಾವುದೂ ಬೇಡ, ಮುಟ್ಟಿನ ದಿನಗಳೂ ಬೇಡ. ಮೇಜಿನ ಮೇಲೆ ಮಲಗುವ ಮುಂಚೆಯೇ ಎರಡು ಮಾತು ಹೇಳಿ: ಒಣಗಿದೆ, ಸಣ್ಣ ಸೈಜಿನ ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಸಾಧನ) ಬಳಸಿ, ಸೊಂಟ ಅಗಲವಾಗುವುದಿಲ್ಲ, ಮಗ್ಗುಲಾಗಿ ಮಲಗಿಸಿ ನೋಡಿ. ಎಡ ಮಗ್ಗುಲಿಗೆ ಮಲಗಿ ಮಂಡಿ ಮಡಚಿದರೂ ಈ ಪರೀಕ್ಷೆ ಮಾಡಲು ಬರುತ್ತದೆ.